ಕೈಗೆ ಸಿಗದ ಹೊಟ್ಟೆನೋವು

ಏಟು ಬಿದ್ದು ಬಂದ ಹೊಟ್ಟೆನೋವಿಗೆ ಕಾರಣವನ್ನು ಬಹುದೂರ ಅರಸಬೇಕಾಗಿಲ್ಲ. ಏಟಿಲ್ಲದೆ ಬಂದೆರಗುವ ನೋವೇ ವೈದ್ಯನ ವಿದ್ಯೆಯನ್ನು ಪರೀಕ್ಷೆಗೊಡ್ಡುವುದು. ಹೊಟ್ಟೆ ಹಲಗೆಯಂತೆ ಬಿಗಿದಿದ್ದರೆ ಒಳಗೆಲ್ಲೋ ತೂತು ಬಿದ್ದಿರಬೇಕೆಂದು ಕೈಯೇ ಹೇಳುತ್ತದೆ. ಕೈ ಏನನ್ನೂ ಹೇಳದ ಸಂದರ್ಭವೊಂದನ್ನು ನಾನು ಗೌರಿಬಿದನೂರಿನಲ್ಲಿ ಕಂಡೆ.

ಕಡಲೆಕಾಯಿ ಬೆಳೆಯುವ ವೃದ್ಧರೊಬ್ಬರು "ಒಳಗೆ ಕಿವುಚಿದಂಗಾಗ್ತದೆ, ಸ್ವಾಮಿ" ಎಂದು ಹೊರಳಾಡುತ್ತಿದ್ದರು. ಮುಟ್ಟಿದರೆ ಹೊಟ್ಟೆ ಮೆತ್ತಗಿತ್ತು. ಅಜೀರ್ಣವೆಂದೇ ಬಗೆದು ಔಷಧ ಬರೆಯತೊಡಗಿದ್ದೆ. ಆಮೇಲೆ ನಾಡಿ ಹಿಡಿದರೆ ಅದು ಲಯತಪ್ಪಿ ಮಿಡಿಯುತ್ತಿತ್ತು. ಲೇಖನಿಯನ್ನು ಕೆಳಗಿಟ್ಟೆ. ಲಯತಪ್ಪಿದ ಹೃದಯದಲ್ಲಿ ರಕ್ತ ಹೆಪ್ಪುಗಟ್ಟಿ, ಅದರ ತುಣುಕೊಂದು ಹರಿದುಬಂದು ಕರುಳಿಗೆ ರಕ್ತವೊಯ್ಯುವ ಅಪಧಮನಿಯಲ್ಲಿ ಸಿಕ್ಕಿಕೊಳ್ಳಬಹುದು. ಆಗ ನೋವು ಅಪಾರ, ಹೊಟ್ಟೆ ಮಾತ್ರ ಮೆತ್ತಗೆ. ಅದು ಗಟ್ಟಿಯಾಗುವ ವೇಳೆಗೆ ಕರುಳು ಸಾಯತೊಡಗಿರುತ್ತದೆ. ಆ ರಾತ್ರಿಯೇ ಅವರನ್ನು ಬೆಂಗಳೂರಿಗೆ ಕಳುಹಿಸಿದೆ. ರಕ್ತನಾಳಕ್ಕೆ ಅಯೋಡಿನ್ ಬೆರೆತ ದ್ರವವನ್ನು ಕೊಟ್ಟು ತೆಗೆದ ಸಿ.ಟಿ. ಚಿತ್ರದಲ್ಲಿ, ಬೆಳ್ಳಗೆ ಹೊಳೆಯಬೇಕಾಗಿದ್ದ ಅಪಧಮನಿ ನಡುವೆಯೇ ಕಡಿದುಹೋದಂತಿತ್ತು. ಮೊಳದುದ್ದ ಕರುಳನ್ನು ಕತ್ತರಿಸಬೇಕಾಯಿತು, ಮನುಷ್ಯ ಉಳಿದರು. ಇಂಥ ಸಂದೇಹವಿರುವಾಗ ಮೂತ್ರಪಿಂಡದ ಪರೀಕ್ಷೆಯ ವರದಿ ಬರಲೆಂದು ಸ್ಕ್ಯಾನನ್ನು ತಡೆಯುವುದು ಸಲ್ಲದು.

ಸಾಧಾರಣ ಕ್ಷ-ಕಿರಣ ಚಿತ್ರ ನೆರಳುಗಳನ್ನು ಒಂದರ ಮೇಲೊಂದು ಪೇರಿಸಿಬಿಡುತ್ತದೆ. ಸಿ.ಟಿ. ಯಂತ್ರವಾದರೋ ದೇಹದ ಸುತ್ತ ನೂರಾರು ದಿಕ್ಕುಗಳಿಂದ ಕಿರಣ ಹಾಯಿಸಿ, ಗಣಿತದ ಬಲದಿಂದ ಪದರಪದರವಾಗಿ ಬಿಡಿಸಿ ತೋರಿಸುತ್ತದೆ. ಇಂಗ್ಲೆಂಡಿನಲ್ಲಿ ಹೌನ್ಸ್‌ಫೀಲ್ಡರ ಯಂತ್ರ ಮೊದಲ ರೋಗಿಯ ಮಿದುಳನ್ನು ಕಂಡದ್ದು 1971ರಲ್ಲಿ. ಅದೇ ವರ್ಷ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಜಿ. ಎನ್. ರಾಮಚಂದ್ರನ್ ಮತ್ತು ಎ. ವಿ. ಲಕ್ಷ್ಮೀನಾರಾಯಣನ್ ಇಂಥ ಲೆಕ್ಕವನ್ನು ಬಹಳ ಹಗುರಗೊಳಿಸುವ ವಿಧಾನವನ್ನು ಪ್ರಕಟಿಸಿದರು. 1979ರ ನೊಬೆಲ್ ಬಹುಮಾನ ಹೌನ್ಸ್‌ಫೀಲ್ಡ್ ಮತ್ತು ಕಾರ್ಮ್ಯಾಕರಿಗೆ ಸಂದಿತು. ನಮ್ಮವರ ಹೆಸರು 'ರಾಮ್-ಲಾಕ್' ಎಂಬ ಮೊಟಕು ರೂಪದಲ್ಲಿ ಪಠ್ಯಗಳಲ್ಲುಳಿದಿದೆ. ನನ್ನ ರೋಗಿಯ ಪಾಲಿಗೆ ಅದೇನೂ ಸಣ್ಣದಲ್ಲ.

ಈ ಯಂತ್ರದ ಅಳತೆಯಲ್ಲಿ ನೀರಿಗೆ 0, ಗಾಳಿಗೆ ಸೊನ್ನೆಗಿಂತ 1000 ಕೆಳಗೆ. ಆದುದರಿಂದ ಕರುಳಿನಿಂದ ಸೋರಿದ ಗಾಳಿಯ ಪುಟ್ಟ ಗುಳ್ಳೆಯೂ ಕಪ್ಪಗೆ ಎದ್ದು ಕಾಣುತ್ತದೆ. ಊದಿದ ಅಪೆಂಡಿಕ್ಸ್, ಕರುಳಿನ ತಡೆ, ಮೂತ್ರನಾಳದ ಕಲ್ಲು ಇವೂ ಸಿಕ್ಕಿಬೀಳುತ್ತವೆ. ಪಿತ್ತಕೋಶದ ಕಲ್ಲು ಮಾತ್ರ ಕೆಲವೊಮ್ಮೆ ತಪ್ಪಿಸಿಕೊಳ್ಳುತ್ತದೆ. ಅದಕ್ಕೆ ಅಲ್ಟ್ರಾಸೌಂಡೇ ಮೇಲು. ಗರ್ಭಿಣಿಯರಿಗೂ ಮಕ್ಕಳಿಗೂ ಮೊದಲು ಅದನ್ನೇ ಮಾಡಬೇಕು. ಏಕೆಂದರೆ ಹೊಟ್ಟೆಯ ಒಂದು ಸಿ.ಟಿ.ಯಿಂದ ಬರುವ ವಿಕಿರಣ, ನಿಸರ್ಗದಿಂದ ಸುಮಾರು ಮೂರು ವರ್ಷಗಳಲ್ಲಿ ಬರುವಷ್ಟು.

ರಕ್ತದೊತ್ತಡ ಕುಸಿದು ಮೈ ತಣ್ಣಗಾಗುತ್ತಿರುವವರನ್ನು ಯಂತ್ರದೊಳಗೆ ಮಲಗಿಸಲು ಆತುರಪಡಬಾರದು. ಅವರಿಗೆ ಮೊದಲು ದ್ರವ, ರಕ್ತ, ಶಸ್ತ್ರವೈದ್ಯನ ಕಣ್ಣು, ಚಿತ್ರ ಆಮೇಲೆ.