ಮಳೆಗಾಲಕ್ಕೆ ಮಾವಿನ ಮುರಬ್ಬ

ಶೀತದೇಶಗಳ ಗೃಹಿಣಿಯರು ಹಿಮ ಬೀಳುವ ತಿಂಗಳುಗಳಿಗೆಂದು ಹಣ್ಣುಗಳನ್ನು ಬೇಸಗೆಯಲ್ಲಿಯೇ ಸಕ್ಕರೆಯೊಡನೆ ಕುದಿಸಿ ಕೂಡಿಡುವರು. ನಮ್ಮ ನಾಡಿನಲ್ಲಿ ಆ ಸ್ಥಾನವು ಮಳೆಗಾಲಕ್ಕೆ ಸಲ್ಲತಕ್ಕದ್ದು. ಆಷಾಢದ ಜಡಿಮಳೆ ಹಿಡಿಯಿತೆಂದರೆ ಹಿಂದೆ ಮಲೆನಾಡಿನವರಿಗೆ ಸಂತೆಗೆ ಹೋಗುವುದೇ ಪ್ರಯಾಸವಾಗಿದ್ದಿತು. ಆದುದರಿಂದಲೇ ಬೇಸಗೆಯಲ್ಲಿ ಹಲಸಿನ ಹಪ್ಪಳ, ಮಾಂಬಳ, ಉಪ್ಪಿನಕಾಯಿ, ಮುರಬ್ಬಗಳ ಸನ್ನಾಹ ನಡೆಯುತ್ತಿದ್ದಿತು. ಇವುಗಳಲ್ಲಿ ಮಾವಿನಕಾಯಿಯ ಮುರಬ್ಬವೊಂದನ್ನೇ ನಾವಿಲ್ಲಿ ವಿಚಾರಿಸುವೆವು.

ನಮ್ಮ ಮನೆಯಲ್ಲಿ ಒಂದು ವರ್ಷ ಸಕ್ಕರೆಯನ್ನು ಉಳಿಸಬೇಕೆಂದು ಅರ್ಧಕ್ಕೆ ಅರ್ಧ ಹಾಕಿದೆವು. ಜಾಡಿ ತುಂಬಲಿ ಎಂಬ ಆಸೆಯಿಂದ ಬೇಗನೆ ಒಲೆಯಿಂದ ಇಳಿಸಿದೆವು. ಮೊದಲ ವಾರ ರುಚಿ ಸೊಗಸಾಗಿಯೇ ಇದ್ದಿತು. ಶ್ರಾವಣದ ಹೊತ್ತಿಗೆ ಜಾಡಿಯಲ್ಲಿ ಗುಳ್ಳೆಗಳೆದ್ದು ಹೆಂಡದ ವಾಸನೆ ಬಂದು, ಎರಡು ಜಾಡಿಗಳ ಪದಾರ್ಥವೂ ಗೊಬ್ಬರದ ಗುಂಡಿಯ ಪಾಲಾಯಿತು. ಯಾರೋ ಒದ್ದೆಯ ಕೈ ಹಾಕಿರಬೇಕೆಂದು ಮನೆಯವರೆಲ್ಲರೂ ಒಬ್ಬರನ್ನೊಬ್ಬರು ದೂರಿದರು. ತಪ್ಪು ನಡೆದುದು ಒಲೆಯ ಮೇಲೆಯೇ.

ಮಾವಿನಕಾಯಿಯಲ್ಲಿ ನೂರಕ್ಕೆ 80ಕ್ಕಿಂತ ಹೆಚ್ಚು ಪಾಲು ನೀರು. ಹುದುಗು ಬರಿಸುವ ಸೂಕ್ಷ್ಮಜೀವಿಗಳು ಬದುಕುವುದು ಆ ನೀರಿನಿಂದ. ಸಕ್ಕರೆಯು ಅವುಗಳಿಗೆ ವಿಷವಲ್ಲ. ನೀರನ್ನು ತನ್ನಲ್ಲಿಯೇ ಹಿಡಿದಿಟ್ಟುಕೊಂಡು ಅವುಗಳಿಗೆ ದಕ್ಕದಂತೆ ಮಾಡುವುದು. ತುರಿದ ಕಾಯಿಗೆ ಸಕ್ಕರೆ ಬೆರೆಸಿ ರಾತ್ರಿಯೆಲ್ಲ ಇಟ್ಟರೆ ಬೆಳಗ್ಗೆ ರಸವು ತಾನಾಗಿ ಹೊರಬಂದಿರುವುದಷ್ಟೆ; ಸೂಕ್ಷ್ಮಜೀವಿಗಳ ಶರೀರದಿಂದಲೂ ಸಕ್ಕರೆಯು ನೀರನ್ನು ಹೀಗೆಯೇ ಸೆಳೆಯುವುದು. ಆದರೆ ಮುರಬ್ಬದ ತೂಕದಲ್ಲಿ ನೂರಕ್ಕೆ 65ರಿಂದ 68ರಷ್ಟು ಸಕ್ಕರೆ ನಿಂತರೆ ಮಾತ್ರ ಈ ಕಾವಲು ಬಲವಾಗುವುದು. ಫ್ರಾನ್ಸಿನ ನಿಕೊಲಾ ಅಪೇರ್ ಎಂಬಾತನು ಆಹಾರವನ್ನು ಸೀಸೆಗಳಲ್ಲಿ ಮುಚ್ಚಿ ಕಾಯಿಸಿಡುವ ಕ್ರಮವನ್ನು 1810ರಲ್ಲಿ ಪುಸ್ತಕವಾಗಿ ಪ್ರಕಟಿಸಿದಾಗ ಅದೇಕೆ ಕೆಡುವುದಿಲ್ಲವೆಂಬುದು ಅವನಿಗೂ ತಿಳಿದಿರಲಿಲ್ಲ. ನಮ್ಮ ಅಜ್ಜಿಯರಿಗೂ ಕಾರಣ ತಿಳಿದಿರಲಿಲ್ಲ, ಎಳೆಪಾಕದ ಹದ ತಿಳಿದಿದ್ದಿತು.

ಬಲಿತು ಇನ್ನೂ ಹಣ್ಣಾಗದ ಕಾಯಿಯನ್ನು ಸಿಪ್ಪೆ ತೆಗೆದು ತುರಿಯಬೇಕು. ಒಂದು ಕಿಲೋ ತುರಿಗೆ ಒಂದೂಕಾಲು ಕಿಲೋ ಸಕ್ಕರೆ. ಹುಳಿಯ ಪದಾರ್ಥವಾದುದರಿಂದ ಕಲಾಯಿಯಿಲ್ಲದ ತಾಮ್ರ ಹಿತ್ತಾಳೆಗಳು ಸಲ್ಲವು. ತುಕ್ಕುಹಿಡಿಯದ ಉಕ್ಕಿನ ಪಾತ್ರೆ ಲೇಸು. ಈ ಹುಳಿಯೇ ಕುದಿಯುವಾಗ ಸಕ್ಕರೆಯ ಒಂದು ಪಾಲನ್ನು ಒಡೆದು, ಮುಂದೆ ಅದು ಹರಳುಗಟ್ಟದಂತೆ ತಡೆಯುವುದು. ಪಾತ್ರೆಯನ್ನು ಮೊದಲೇ ತೂಗಿಟ್ಟುಕೊಂಡಿದ್ದರೆ ಹದವನ್ನು ಊಹಿಸುವ ತೊಂದರೆಯಿಲ್ಲ: ಒಳಗಿನ ಪದಾರ್ಥವು ಸುಮಾರು ಎರಡು ಕಿಲೋಗೆ ಇಳಿದಾಗ ಪಾಕವಾಯಿತು. ಸಕ್ಕರೆ ಕಡಮೆ ಹಾಕಿದವರು ಇನ್ನೂ ಹೆಚ್ಚು ನೀರನ್ನು ಇಂಗಿಸಬೇಕು. ಆಗ ಜಾಡಿ ತುಂಬದು.

ಉಷ್ಣಮಾಪಕವುಳ್ಳವರಿಗೆ ಒಂದು ಎಚ್ಚರಿಕೆ. ಇಂಗ್ಲಿಷ್ ಪಾಕಪುಸ್ತಕಗಳಲ್ಲಿ ಹೇಳುವ 105 ಡಿಗ್ರಿ ಸೆಲ್ಸಿಯಸ್ ಸಮುದ್ರಮಟ್ಟದ ಲೆಕ್ಕ. ಸುಮಾರು 770 ಮೀಟರ್ ಎತ್ತರದಲ್ಲಿರುವ ಮೈಸೂರಿನಲ್ಲಿ ನೀರು ಕುದಿಯುವುದೇ 97 ಡಿಗ್ರಿಯ ಆಸುಪಾಸಿನಲ್ಲಿ. ಇಲ್ಲಿ 102 ಸಾಕು. ಪುಸ್ತಕವನ್ನೇ ನಂಬಿ ಕುಳಿತರೆ ಮುರಬ್ಬವು ಅಂಟುಂಡೆಯಾಗುವುದು.

ಇಳಿಸಿದ ಮೇಲೆ ಏಲಕ್ಕಿ ಬೆರೆಸಿ, ಕಾಯಿಸಿ ಒಣಗಿಸಿದ ಸೀಸೆಗಳಿಗೆ ಬಿಸಿಯಿರುವಾಗಲೇ ಕಂಠದವರೆಗೆ ತುಂಬಿ ಮುಚ್ಚಬೇಕು. ಒದ್ದೆಯ ಸೌಟನ್ನು ಹಿರಿಯರು ಬೈಯುತ್ತಿದ್ದುದು ಸುಮ್ಮನೆಯಲ್ಲ. ನೀರು ಬಿದ್ದೆಡೆಯಲ್ಲಿ ಪಾಕವು ತೆಳುವಾಗಿ ಬೂಷ್ಟು ಕಟ್ಟುವುದು. ಬೂಷ್ಟನ್ನು ತೆಗೆದುಹಾಕಿ ಉಳಿದುದನ್ನು ತಿನ್ನುವ ವಾಡಿಕೆಯನ್ನು ಮಾತ್ರ ಬಿಡಬೇಕು, ಅದರ ವಿಷವು ಕಣ್ಣಿಗೆ ಕಾಣದಂತೆ ಕೆಳಗೂ ಇಳಿದಿರಬಹುದು. ಒಂದು ದೊಡ್ಡ ಜಾಡಿಗಿಂತ ನಾಲ್ಕಾರು ಸಣ್ಣ ಸೀಸೆಗಳು ಮೇಲು. ಒಂದು ಮುಗಿದ ಮೇಲೆ ಇನ್ನೊಂದರ ಮುಚ್ಚಳ ತೆಗೆದರಾಯಿತು.