ಒಂಬತ್ತು ಅಡಿ ಜಾಗ, ಹದಿನಾರು ವರ್ಷದ ರೇವಾ

ಟೇಪು ಹಿಡಿದು ಮೂರು ಸಲ ಅಳೆದೆ. ಮೂರು ಸಲವೂ 9 ಅಡಿಯೇ. ಮತ್ತಿಕೆರೆಯ ನಮ್ಮ ಮನೆಯ ಗೇಟಿನಿಂದ ಮೆಟ್ಟಿಲವರೆಗೆ ಇರೋದು ಅಷ್ಟೇ ಜಾಗ. ಅಪ್ಪ ಎಚ್‌ಎಂಟಿಯಲ್ಲಿದ್ದಾಗ ಕಟ್ಟಿಸಿದ ಮನೆ. ಆಗ ಅಲ್ಲಿ ನಿಲ್ಲಬೇಕಿದ್ದದ್ದು ಒಂದು ಸ್ಕೂಟರ್, ಎರಡು ಸೈಕಲ್. ಕಾರಿನ ಯೋಚನೆ ಯಾರಿಗೂ ಇರಲಿಲ್ಲ, ನನಗೂ ಹೋದ ವರ್ಷದವರೆಗೆ ಇರಲಿಲ್ಲ.

ಹೋದ ವರ್ಷ ಅಪ್ಪನಿಗೆ ಸ್ಟ್ರೋಕ್ ಆಯ್ತು. ಎಡಗೈ, ಎಡಗಾಲು ಸ್ವಾಧೀನ ತಪ್ಪಿತು, ಮಾತು ನಿಧಾನವಾಯ್ತು. ವಾರಕ್ಕೆ ಮೂರು ದಿನ ಫಿಸಿಯೋಥೆರಪಿ, ಮನೆಯಿಂದ ಮೂರೂವರೆ ಕಿಲೋಮೀಟರ್. ಆಟೋದವರಿಗೆ ಅದು ತೀರಾ ಹತ್ತಿರ, ನಡೆಯೋಕೆ ತೀರಾ ದೂರ. ಬುಕ್ ಮಾಡಿದ ಆಟೋ ಕ್ಯಾನ್ಸಲ್ ಆಗೋದು, ಇನ್ನೊಂದು ಬರೋವರೆಗೆ ಅಪ್ಪ ಗೇಟು ಹಿಡ್ಕೊಂಡು ನಿಂತಿರೋದು. ಬಂದ ಮೇಲೂ ಎಡಗಾಲನ್ನು ಅಷ್ಟೆತ್ತರ ಎತ್ತಿ ಹತ್ತಿಸಬೇಕು. ಒಂದು ದಿನ ಮೂರನೇ ಆಟೋ ಕೂಡ ಕ್ಯಾನ್ಸಲ್ ಆದಾಗ ಅಪ್ಪ ಏನೂ ಹೇಳದೆ ಒಳಗೆ ಹೋಗಿ ಮಲಗಿಬಿಟ್ಟರು. ಆ ವಾರ ಒಂದು ಸೆಷನ್ ತಪ್ಪಿತು. ಅವತ್ತು ರಾತ್ರಿ ನಾನು ಕಾರುಗಳ ಉದ್ದದ ಪಟ್ಟಿ ಮಾಡಿದೆ.

ಬೆಲೆ ಅಲ್ಲ, ಮೈಲೇಜ್ ಅಲ್ಲ, ಬರೀ ಉದ್ದ. ಆಲ್ಟೊ ಹನ್ನೊಂದು ಅಡಿಗೂ ಮೀರುತ್ತೆ. ನ್ಯಾನೊ 3.1 ಮೀಟರ್, ಅಂದ್ರೆ ಹತ್ತು ಅಡಿ ಚಿಲ್ಲರೆ. ಈಗಿನ ಪುಟಾಣಿ ಎಂಜಿ ಕಾಮೆಟ್ ಕೂಡ 9 ಅಡಿ 9 ಇಂಚು. ಬಜಾಜ್ ಕ್ಯೂಟ್ 2,752 ಮಿಲಿಮೀಟರ್. ನಮ್ಮ ಒಂಬತ್ತು ಅಡಿ ಅಂದ್ರೆ 2,743. ಒಂದು ಸೆಂಟಿಮೀಟರ್‌ನಷ್ಟು ಹೊರಗೆ! ಪಟ್ಟಿಯ ಕೊನೆಯಲ್ಲಿ ಉಳಿದದ್ದು 2,638 ಮಿಲಿಮೀಟರ್‌ನ ಒಂದೇ ಕಾರು, ರೇವಾ. ಗೇಟು ಹಾಕಿದ ಮೇಲೂ ನಾಲ್ಕು ಇಂಚು ಮಿಗುತ್ತೆ.

ರೇವಾ ಅಂದ ತಕ್ಷಣ ನನ್ನ ವಯಸ್ಸಿನ ಬೆಂಗಳೂರಿನವರಿಗೆ ಸ್ಕೂಲ್ ವ್ಯಾನಿನ ಕಿಟಕಿಯಿಂದ ನೋಡಿ ನಕ್ಕ ನೆನಪು ಬರಬಹುದು. ನಮ್ಮೂರಿನದೇ ಕಾರು. ಬೆಂಗಳೂರಿನ ಮೈನಿ ಗ್ರೂಪ್, ಅಮೆರಿಕದ ಅಮೆರಿಗಾನ್ ಜೊತೆ ಸೇರಿ ಶುರು ಮಾಡಿದ ಕಂಪನಿ, ಚೇತನ್ ಮೈನಿ ಅದರ ಮುಖ. ಬೊಮ್ಮಸಂದ್ರದಲ್ಲಿ ಫ್ಯಾಕ್ಟರಿ. 2001ರಲ್ಲಿ ಇಲ್ಲಿ ಮಾರಾಟಕ್ಕೆ ಬಂತು, 2004ರಲ್ಲಿ 'ಜಿ-ವಿಜ್' ಅನ್ನೋ ಹೆಸರಲ್ಲಿ ಲಂಡನ್ ಬೀದಿಗೂ ಇಳೀತು. 2010ರಲ್ಲಿ ಮಹೀಂದ್ರ ಕಂಪನಿಯ ಬಹುಪಾಲು ಷೇರು ಕೊಂಡಿತು. 2012ಕ್ಕೆ ರೇವಾ ನಿಂತಿತು, ಮರುವರ್ಷ ಅದರ ಜಾಗಕ್ಕೆ ಇ2ಒ ಬಂತು. ಇಡೀ ಪ್ರಪಂಚದಲ್ಲಿ ಮಾರಾಟವಾದದ್ದು ನಾಲ್ಕು ಸಾವಿರ ಚಿಲ್ಲರೆ ಅಷ್ಟೇ. ಹೆಸರಿಗೆ 2+2 ಸೀಟು, ಆದರೆ ಹಿಂದೆ ಕೂರೋಕೆ ಚಿಕ್ಕ ಮಕ್ಕಳಿಗೆ ಮಾತ್ರ ಸಾಧ್ಯ. ದೊಡ್ಡವರ ಲೆಕ್ಕದಲ್ಲಿ ಇಬ್ಬರ ಕಾರು. ನಮಗೆ ಬೇಕಿದ್ದದ್ದೂ ಎರಡೇ ಸೀಟು, ಒಂದು ಅಪ್ಪನಿಗೆ, ಇನ್ನೊಂದು ನನಗೆ.

ಮಾರೋಕೆ ಒಂದು ಇದೆ ಅಂತ ಹೇಳಿದ್ದು ಅಪ್ಪನ ಫಿಸಿಯೋಥೆರಪಿಸ್ಟ್. ಮಲ್ಲೇಶ್ವರದಲ್ಲಿ ಒಬ್ಬ ನಿವೃತ್ತ ಡಾಕ್ಟರಮ್ಮ, 2009ರ ರೇವಾ-ಐ, ಒಬ್ಬರೇ ಓನರ್, ಕೇಳ್ತಿರೋದು 75 ಸಾವಿರ. ಶನಿವಾರ ಬೆಳಗ್ಗೆ ಮಲ್ಟಿಮೀಟರ್, ಹೈಡ್ರೋಮೀಟರ್, ಟಾರ್ಚು ಬ್ಯಾಗಿಗೆ ತುಂಬಿಕೊಂಡು ಹೋದೆ.

ಸಾಧಾರಣ ಸೆಕೆಂಡ್ ಹ್ಯಾಂಡ್ ಕಾರಾದರೆ ಇಂಜಿನ್ ಶಬ್ದ ಕೇಳ್ತೀವಿ, ಹೊಗೆ ನೋಡ್ತೀವಿ, ಆಯಿಲ್ ನೋಡ್ತೀವಿ. ಇದರಲ್ಲಿ ಅವು ಯಾವುದೂ ಇಲ್ಲ. ಬಾಡಿ ಪ್ಲಾಸ್ಟಿಕ್‌ನದು, ಹಾಗಾಗಿ ಹೊರಗೆ ಎಷ್ಟು ಫಳಫಳ ಹೊಳೆದರೂ ಅದರಿಂದ ಏನೂ ಗೊತ್ತಾಗಲ್ಲ. ನೋಡಬೇಕಾದ್ದು ಒಳಗಿನ ಉಕ್ಕಿನ ಫ್ರೇಮು. ಅದರಲ್ಲೂ ಮುಂದಿನ ಸೀಟುಗಳ ಕೆಳಗೆ, ಯಾಕಂದ್ರೆ ಬ್ಯಾಟರಿಗಳು ಕೂತಿರೋದು ಅಲ್ಲಿ. ಆಸಿಡ್ ಚೆಲ್ಲಿದ್ದರೆ ಫ್ರೇಮನ್ನು ಸದ್ದಿಲ್ಲದೆ ತಿನ್ನುತ್ತೆ. ಸೀಟು ಎತ್ತಿ, ಟಾರ್ಚು ಬಿಟ್ಟು, ಸ್ಕ್ರೂಡ್ರೈವರ್‌ನಲ್ಲಿ ಕುಟ್ಟಿ ನೋಡಿದೆ. ಒಂದು ಮೂಲೆಯಲ್ಲಿ ತುಕ್ಕಿತ್ತು, ಕೆರೆದರೆ ಕೆಳಗೆ ಗಟ್ಟಿ ಲೋಹ ಸಿಕ್ಕಿತು. ಅದು ಪಾಸ್.

ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿ ಒತ್ತಿರುತ್ತಾರೆ, ಮೊದಲೆರಡು ವಾರ, ಕೊನೆಯೆರಡು ವರ್ಷ. ಇಲ್ಲಿ 2315 ಅಂತಿತ್ತು. 2015ರ ಇಪ್ಪತ್ಮೂರನೇ ವಾರ. ಗುಂಡಿ ಇನ್ನೂ ಆಳವಾಗಿದ್ದರೂ ರಬ್ಬರ್ ಸೀಳಿತ್ತು. ನಾಲ್ಕೂ ಬದಲಾಯಿಸಬೇಕು ಅಂತ ಬರೆದುಕೊಂಡೆ.

ಅಸಲಿ ವಿಷಯ ಬ್ಯಾಟರಿ. ರೇವಾದಲ್ಲಿ 6 ವೋಲ್ಟಿನ ಎಂಟು ಲೆಡ್-ಆಸಿಡ್ ಬ್ಯಾಟರಿಗಳು ಒಂದಕ್ಕೊಂದು ಸರಪಳಿಯಂತೆ ಜೋಡಿಸಿರುತ್ತವೆ, ಒಟ್ಟು 48 ವೋಲ್ಟ್. ಒಂದೊಂದರಲ್ಲೂ ಮೂರು ಸೆಲ್, ಹಾಗಾಗಿ 24 ಮುಚ್ಚಳ ಬಿಚ್ಚಿ 24 ಸಲ ಹೈಡ್ರೋಮೀಟರ್ ಅದ್ದಬೇಕು. ಪೂರ್ತಿ ಚಾರ್ಜ್ ಆದ ಸೆಲ್‌ನಲ್ಲಿ ಆಸಿಡ್‌ನ ಸಾಂದ್ರತೆ 1.26, 1.28ರ ಹತ್ತಿರ ತೋರಿಸಬೇಕು. ಹದಿನೆಂಟು ಸೆಲ್ ತಕ್ಕಮಟ್ಟಿಗೆ ತೋರಿಸಿದವು. ಎರಡು ಬ್ಯಾಟರಿಗಳ ಆರು ಸೆಲ್‌ಗಳಲ್ಲಿ ಅದ್ದೋಕೆ ನೀರೇ ಇರಲಿಲ್ಲ, ಒಳಗಿನ ಪ್ಲೇಟುಗಳು ಗಾಳಿಗೆ ಒಣಗಿ ಬೆಳ್ಳಗಾಗಿದ್ದವು.

ಡಾಕ್ಟರಮ್ಮ ಒಂದು ಹಳೇ ಡೈರಿ ತಂದುಕೊಟ್ಟರು. ಯಾವತ್ತು ಬ್ಯಾಟರಿ ನೀರು ಹಾಕಿದ್ದು, ಎಷ್ಟು ಕಿಲೋಮೀಟರಿಗೆ, ಎಲ್ಲ ಚೊಕ್ಕ ಅಕ್ಷರದಲ್ಲಿ. ಎರಡು ವರ್ಷದ ಹಿಂದೆ ಬರವಣಿಗೆ ನಿಂತಿತ್ತು.

"ಅದು ನಮ್ಮನೆಯವರ ಕೆಲಸ ನೋಡಪ್ಪ. ಅವರು ಹೋದ ಮೇಲೆ ನಾನು ಬರೀ ಓಡಿಸ್ದೆ. ನೀರು ಹಾಕ್ಬೇಕು ಅನ್ನೋದೇ ತಲೇಲಿ ಇರ್ಲಿಲ್ಲ."

ನಾನು ಮುಚ್ಚಳಗಳನ್ನು ಒಂದೊಂದಾಗಿ ತಿರುಗಿಸಿ ಹಾಕಿದೆ.

"ಒಂದು ರಾತ್ರಿ ಚಾರ್ಜ್ ಮಾಡಿ ನಾಳೆ ಓಡಿಸಿ ನೋಡ್ಲಾ ಮೇಡಂ?" ಅಂದೆ. ಸೆಲ್‌ಗಳಿಗೆ ಡಿಸ್ಟಿಲ್ಡ್ ವಾಟರ್ ಹಾಕಿ 15 ಆಂಪಿಯರ್ ಸಾಕೆಟ್‌ಗೆ ಚುಚ್ಚಿ ಬಂದೆ. ಖಾಲಿಯಿಂದ ಪೂರ್ತಿ ಆಗೋಕೆ ಎಂಟು ಗಂಟೆ ಬೇಕು.

ಭಾನುವಾರ ಆರು ಗಂಟೆಗೇ ಹೊರಟೆ. ಕ್ಲಚ್ ಇಲ್ಲ, ಗೇರ್ ಇಲ್ಲ, ಮುಂದೆ-ಹಿಂದೆ ಅನ್ನೋ ಒಂದು ತಿರುಪು. ಮಲ್ಲೇಶ್ವರ 18ನೇ ಕ್ರಾಸಿನಿಂದ ಟಾಟಾ ಇನ್‌ಸ್ಟಿಟ್ಯೂಟ್ ಪಕ್ಕದಲ್ಲಿ ಸಾಗಿ, ಬೇಕೆಂದೇ ಯಶವಂತಪುರ ಫ್ಲೈಓವರ್ ಹತ್ತಿಸಿದೆ. ಏದುಸಿರು ಬಿಡದೆ ಹತ್ತಿತು. ಆಮೇಲೆ ಮತ್ತಿಕೆರೆಗೆ ತಂದು ಜೆ.ಪಿ. ಪಾರ್ಕ್ ಸುತ್ತ ಸುತ್ತು ಹಾಕೋಕೆ ಶುರು ಮಾಡಿದೆ. ವಾಕಿಂಗ್ ಬಂದ ಅಂಕಲ್‌ಗಳು ಮೊದಲ ಸುತ್ತಿಗೆ ನಕ್ಕರು, ಐದನೇ ಸುತ್ತಿಗೆ ಕೈ ಬೀಸಿದರು, ಆಮೇಲೆ ಒಬ್ಬರು ಅಡ್ಡಹಾಕಿ "ಏನಾದ್ರೂ ಕಳೆದುಹೋಗಿದ್ಯೇನಪ್ಪ?" ಅಂತಲೇ ಕೇಳಿದರು. ಹೊಸತಿದ್ದಾಗ ಕಂಪನಿ ಹೇಳಿದ್ದು 80 ಕಿಲೋಮೀಟರ್. ನನಗೆ ಸಿಕ್ಕಿದ್ದು 21. ಅಷ್ಟರಲ್ಲಿ ಕಾರು ಎಳೆಯೋದನ್ನು ಕಮ್ಮಿ ಮಾಡಿತು. ನಿಲ್ಲಿಸಿ ಸೀಟೆತ್ತಿ ನೋಡಿದರೆ ಆರು ಬ್ಯಾಟರಿಗಳು 6 ವೋಲ್ಟ್ ಮೇಲಿದ್ದವು, ಆ ಎರಡು 5.4ಕ್ಕೆ ಇಳಿದಿದ್ದವು.

ಇಲ್ಲೇ ನಾನು ಎಡವೋದರಲ್ಲಿದ್ದೆ. ಹೋಗಿ ಬರೋಕೆ ನನಗೆ ಬೇಕಿರೋದು ಏಳು ಕಿಲೋಮೀಟರ್, ಸಿಗ್ತಿರೋದು ಅದರ ಮೂರು ಪಟ್ಟು. ಮತ್ತೆ ಬ್ಯಾಟರಿಗೆ ಯಾಕೆ ದುಡ್ಡು ಸುರೀಬೇಕು? ಹೆಚ್ಚಂದ್ರೆ ಆ ಎರಡನ್ನು ಬದಲಾಯಿಸಿದರೆ ಸಾಕಲ್ಲ?

ಸಾಕಾಗಲ್ಲ. ಸರಪಳಿಯಲ್ಲಿ ಎಲ್ಲದರೊಳಗೂ ಹರಿಯೋದು ಒಂದೇ ಕರೆಂಟ್. ದುರ್ಬಲ ಸೆಲ್ ಖಾಲಿಯಾದ ಮೇಲೂ ಉಳಿದವು ಅದರ ಮೂಲಕ ಕರೆಂಟ್ ತಳ್ಳುತ್ತಲೇ ಇರ್ತವೆ. ಆಗ ಅದರ ಪ್ಲಸ್-ಮೈನಸ್ಸೇ ಉಲ್ಟಾ ಆಗಿ ಇನ್ನಷ್ಟು ಹಾಳಾಗುತ್ತೆ. ಹಾಗಾಗಿ ಇವತ್ತು 21 ಸಿಕ್ಕಿದ್ದು ಮುಂದಿನ ತಿಂಗಳು 19 ಆಗುತ್ತೆ ಅನ್ನೋ ಲೆಕ್ಕ ಇಲ್ಲ, ಒಂದು ದಿನ ಇದ್ದಕ್ಕಿದ್ದಂತೆ 5 ಆಗಬಹುದು. ಹಳೇ ಆರರ ಜೊತೆ ಹೊಸ ಎರಡು ಹಾಕಿದರೂ ಅವು ಒಂದೇ ಹೆಜ್ಜೆಯಲ್ಲಿ ನಡೆಯಲ್ಲ, ಹಳೆಯವು ಮೊದಲು ಖಾಲಿಯಾಗ್ತವೆ, ಮೊದಲು ಸಾಯ್ತವೆ. ನಾನೊಬ್ಬನೇ ಆಗಿದ್ದರೆ ರಸ್ತೆ ಮಧ್ಯೆ ನಿಂತರೂ ತಳ್ಳಿಕೊಂಡು ಬರಬಹುದು. ಪಕ್ಕದಲ್ಲಿ ಅಪ್ಪ ಕೂತಿರುವಾಗ ನ್ಯೂ ಬಿಇಎಲ್ ರಸ್ತೆಯಲ್ಲಿ ಸಂಜೆ ಆರಕ್ಕೆ ನಿಂತರೆ?

ಲಿಥಿಯಂ ಹಾಕೋ ಆಸೆಯೂ ಹತ್ತಿತು, ಸುಳ್ಳು ಯಾಕೆ ಹೇಳಲಿ. 3.2 ವೋಲ್ಟಿನ ಹದಿನಾರು ಸೆಲ್, 51.2 ವೋಲ್ಟ್, ತೂಕ ಎಷ್ಟೋ ಕಮ್ಮಿ. ಆದರೆ ಚಾರ್ಜರ್, ಚಾರ್ಜ್ ಮೀಟರ್ ಎಲ್ಲ ಲೆಡ್-ಆಸಿಡ್‌ಗೆ ಹೊಂದಿಸಿದವು. ಅವನ್ನೂ ಬದಲಾಯಿಸಿ, ಸೆಲ್‌ಗಳನ್ನು ಕಾಯೋ ಸರ್ಕ್ಯೂಟ್ ಹಾಕಿ, ಇನ್ಶೂರೆನ್ಸ್‌ನವರಿಗೆ ವಿವರಿಸಿ... ನನ್ನ ವೀಕೆಂಡ್ ಪ್ರಾಜೆಕ್ಟುಗಳು ಎಲ್ಲಿ ಹೋಗಿ ಮುಟ್ಟುತ್ತವೆ ಅಂತ ಅಮ್ಮನಿಗೆ ಗೊತ್ತು. ಅಪ್ಪನ ಫಿಸಿಯೋ ಅಷ್ಟು ದಿನ ಕಾಯಲ್ಲ.

ಜೆ.ಸಿ. ರಸ್ತೆಯಲ್ಲಿ ಕೇಳಿದೆ. ಎಂಟು ಹೊಸ ಬ್ಯಾಟರಿ, ಹಳೇ ಸೀಸಕ್ಕೆ ಕಳೆದು, 95 ಸಾವಿರ. ಟೈರು 14 ಸಾವಿರ. ಅಂದ್ರೆ ಕಾರಿಗಿಂತ ಅದರ ಹೊಟ್ಟೆಗೇ ಜಾಸ್ತಿ. ಆಟೋಗೆ ನಮಗೆ ವರ್ಷಕ್ಕೆ ಆಗ್ತಿರೋದು 25 ಸಾವಿರದಷ್ಟು, ಲೆಡ್-ಆಸಿಡ್ ಬ್ಯಾಟರಿ ಚೆನ್ನಾಗಿ ನೋಡಿಕೊಂಡರೆ ಮೂರು ವರ್ಷ ಬಾಳಬಹುದು. ಎಕ್ಸೆಲ್ ಶೀಟಿನಲ್ಲಿ ಯಾವ ಮೂಲೆಯಿಂದ ನೋಡಿದರೂ ಇದು ನಷ್ಟವೇ. ಕರೆಂಟು ಮಾತ್ರ ಅಗ್ಗ, ಒಂದು ಸಲ ಹೋಗಿ ಬರೋಕೆ ಒಂದೂವರೆ ಯೂನಿಟ್ ಸಾಕು. ಅದಕ್ಕೂ ಅಮ್ಮ "ಇನ್ನೂರು ಯೂನಿಟ್ ದಾಟಿ ಗೃಹಜ್ಯೋತಿ ಹೋದ್ರೆ?" ಅಂದಳು. ನಮ್ಮದು 150ರ ಆಸುಪಾಸು, ಇದಕ್ಕೆ ಇಪ್ಪತ್ತು ಸೇರಿದರೂ ತೊಂದರೆ ಇಲ್ಲ ಅಂತ ಹಳೇ ಬಿಲ್ಲುಗಳನ್ನು ತೋರಿಸಿದ ಮೇಲೆ ಸುಮ್ಮನಾದಳು.

ದುಡ್ಡಿಗಿಂತ ನನ್ನನ್ನು ಕಾಡಿದ್ದು ಸುರಕ್ಷತೆ. ಯುರೋಪಿನಲ್ಲಿ ರೇವಾ ಕಾರಿನ ಲೆಕ್ಕಕ್ಕೇ ಬರ್ತಿರಲಿಲ್ಲ, ಕ್ವಾಡ್ರಿಸೈಕಲ್ ಅಂತ ಬೇರೆ ವರ್ಗ, ಕಾರುಗಳ ಕ್ರ್ಯಾಶ್ ಟೆಸ್ಟ್ ಅದಕ್ಕೆ ಕಡ್ಡಾಯ ಇರಲಿಲ್ಲ. 2007ರಲ್ಲಿ ಟಾಪ್ ಗೇರ್ ಪತ್ರಿಕೆಯವರು ಗಂಟೆಗೆ 64 ಕಿಲೋಮೀಟರ್ ವೇಗದಲ್ಲಿ ಗುದ್ದಿಸಿ ನೋಡಿದರು, ಒಳಗಿರೋರಿಗೆ ಗಂಭೀರ ಗಾಯ ಖಂಡಿತ ಅನ್ನೋ ಹಾಗೆ ಫಲಿತಾಂಶ ಬಂತು. ನಮ್ಮಲ್ಲಿ ಹೊಸ ಮಾಡೆಲ್‌ಗಳಿಗೆ ಕ್ರ್ಯಾಶ್ ಟೆಸ್ಟ್ ಕಡ್ಡಾಯವಾದದ್ದೇ 2017ರ ಅಕ್ಟೋಬರ್‌ನಲ್ಲಿ. ಏರ್‌ಬ್ಯಾಗ್ ಮಾತಂತೂ ಎತ್ತೋ ಹಾಗಿಲ್ಲ. ಹಾಗಾಗಿ ಹೆಬ್ಬಾಳ ಫ್ಲೈಓವರ್ ಇಲ್ಲ, ರಿಂಗ್ ರೋಡ್ ಇಲ್ಲ, ಆಫೀಸಿಗೆ ತಗೊಂಡು ಹೋಗೋದಿಲ್ಲ, ಮೂವತ್ತೈದರ ಮೇಲೆ ಓಡಿಸೋದಿಲ್ಲ ಅಂತ ನನಗೆ ನಾನೇ ಷರತ್ತು ಹಾಕಿಕೊಂಡೆ. ಮನೆಯ ಒಂದೇ ಕಾರಾಗಿ ಇದನ್ನು ಕೊಳ್ಳೋ ಯೋಚನೆ ನಿಮಗಿದ್ದರೆ ಬೇಡ ಅಂತಲೇ ಹೇಳ್ತೀನಿ.

ಕಾಗದಪತ್ರದ ಕಡೆ ಒಂದು ಒಳ್ಳೆ ಸುದ್ದಿ ಇತ್ತು. ಖಾಸಗಿ ಕಾರಿಗೆ 15 ವರ್ಷವಾದ ಮೇಲೆ ಫಿಟ್‌ನೆಸ್ ಮಾಡಿಸಿ ಆರ್‌ಸಿ ನವೀಕರಿಸಬೇಕು, ಸಿಗೋದು ಐದು ವರ್ಷ. ಡಾಕ್ಟರಮ್ಮ ಹೋದ ವರ್ಷವೇ ಮಾಡಿಸಿದ್ದರು, ಬ್ಯಾಟರಿ ಕಾರಾದ್ದರಿಂದ ನವೀಕರಣದ ಫೀ ಇರಲಿಲ್ಲ. 2021ರಿಂದ ಕೇಂದ್ರ ಸರ್ಕಾರ ಆ ಫೀಗೆ ವಿನಾಯಿತಿ ಕೊಟ್ಟಿದೆ. ನಾನು ಮಾಡಬೇಕಿದ್ದದ್ದು ಫಾರಂ 29, 30 ತುಂಬಿ ಹೆಸರು ಬದಲಾವಣೆ ಮಾತ್ರ.

ಇಷ್ಟೆಲ್ಲ ಅಳೆದ ನಾನು ಒಂದನ್ನು ಅಳೆದಿರಲಿಲ್ಲ. ಮನೆ ಮುಂದೆ ತಂದು ಗೇಟಿನೊಳಗೆ ನಿಲ್ಲಿಸಿದೆ, ಉದ್ದ ಸರಿಯಾಗಿ ಕೂತಿತು. ಅಪ್ಪನನ್ನು ಕರ್ಕೊಂಡು ಬಂದು ಬಾಗಿಲು ತೆಗೆಯೋಕೆ ಹೋದರೆ ಅರ್ಧಕ್ಕೇ ಗೋಡೆಗೆ ತಾಗಿತು. ಎರಡೇ ಬಾಗಿಲಿನ ಕಾರು, ಬಾಗಿಲು ಉದ್ದ. ಮತ್ತೆ ಹೊರಗೆ ತಂದು ಗಲ್ಲಿಯಲ್ಲೇ ನಿಲ್ಲಿಸಿದೆ, ಹಿಂದೆ ಎರಡು ಸ್ಕೂಟರ್ ಹಾರ್ನ್ ಹೊಡೀತಾ ನಿಂತವು. ಅಪ್ಪ ಮೊದಲು ಸೀಟಿಗೆ ಬೆನ್ನು ಮಾಡಿ ಕೂತರು. ಬಲಗಾಲು ಒಳಗಿಟ್ಟರು. ಎಡಗಾಲನ್ನು ಎತ್ತೋಕೆ ನಾನು ಬಗ್ಗಿದೆ. ಬಲಗೈಯಿಂದ ನನ್ನನ್ನು ಪಕ್ಕಕ್ಕೆ ಸರಿಸಿ, ಪ್ಯಾಂಟಿನ ಮಂಡಿ ಹಿಡಿದು, ತಾವೇ ಎತ್ತಿ ಒಳಗಿಟ್ಟುಕೊಂಡರು. ಬಾಗಿಲು ಉದ್ದವಿದ್ದದ್ದಕ್ಕೆ ಆ ಜಾಗ ಸಿಕ್ಕಿತು. ಆಟೋದಲ್ಲಿ ಇದು ಒಂದು ದಿನವೂ ಆಗಿರಲಿಲ್ಲ.

ತ್ರಿವೇಣಿ ರಸ್ತೆವರೆಗೆ ಒಂದು ರೌಂಡು ಹೋದೆವು. ಅಪ್ಪ ಮಾತಾಡಲಿಲ್ಲ, ತಲೆ ಒಂದು ಕಡೆಗೆ ವಾಲಿಸಿಕೊಂಡಿದ್ದರು. ಸುಸ್ತಾಗಿರಬೇಕು ಅಂದುಕೊಂಡೆ. ಮನೆ ಹತ್ತಿರ ಬಂದಾಗ ನಿಧಾನಕ್ಕೆ ಒಂದೊಂದೇ ಪದ ಜೋಡಿಸಿದರು.

"ಹಿಂದಿನ ಬಲಗಡೆ ಚಕ್ರ. ಬೇರಿಂಗ್ ಹೋಗಿದೆ ಕಣೋ. ಐದು ಸಾವಿರ ಕಮ್ಮಿ ಮಾಡ್ಸು."

ನನಗೆ ಕೇಳಿಸಿರಲಿಲ್ಲ. ಜಾಕ್ ಕೊಟ್ಟು ಚಕ್ರ ಅಲ್ಲಾಡಿಸಿ ನೋಡಿದೆ, ಸಡಿಲವಿತ್ತು. ಸ್ಟ್ರೋಕ್ ಆದಮೇಲೆ ಅಪ್ಪ ಯಾವುದರ ಬಗ್ಗೆಯೂ ಹೀಗಿರಲಿ, ಹಾಗಿರಲಿ ಅಂತ ಹೇಳಿರಲಿಲ್ಲ.

ಸಂಜೆ ಡಾಕ್ಟರಮ್ಮನ ಮುಂದೆ ಎಂಟು ಬ್ಯಾಟರಿಗಳ ವೋಲ್ಟೇಜ್, ಟೈರಿನ ವಾರ, ಬೇರಿಂಗ್ ಎಲ್ಲ ಬರೆದ ಹಾಳೆ ಇಟ್ಟೆ. 35 ಸಾವಿರ ಹೇಳಿ, ಬೇರಿಂಗಿಗೆ ಐದು ಕಳೆದೆ. ಕನ್ನಡಕ ಏರಿಸಿ ಎರಡು ಸಲ ಓದಿದರು, 30ಕ್ಕೆ ಒಪ್ಪಿದರು. ಡೈರಿಯನ್ನೂ ಕೀಲಿಯ ಜೊತೆ ಕೊಟ್ಟರು. ಬ್ಯಾಟರಿ ಗುರುವಾರ ಬರುತ್ತೆ. ಬೇರಿಂಗ್ ಇನ್ನೂ ಸಿಕ್ಕಿಲ್ಲ, ಹಳೇ ರೇವಾ ಬಿಚ್ಚಿಟ್ಟಿರೋ ಮೆಕ್ಯಾನಿಕ್ ಒಬ್ಬರು ನೋಡ್ತೀನಿ ಅಂದಿದ್ದಾರೆ.