ಕಾರಿನ ಬ್ಯಾಟರಿ ಬರೀ 12 ವೋಲ್ಟ್, ವೈರ್ ಹೇಗೆ ಎಳೆದರೂ ಅಪಾಯವಿಲ್ಲವೇ?

ಕಾರು ಕೊಂಡ ಮೇಲೆ ಫಾಗ್ ಲ್ಯಾಂಪ್, ಜೋರು ಹಾರ್ನ್, ಆಂಪ್ಲಿಫೈಯರ್ ಹೀಗೆ ಏನಾದರೊಂದನ್ನು ಹೊರಗಡೆ ಹಾಕಿಸುವುದು ಸಾಮಾನ್ಯ. ಇದಕ್ಕಾಗಿ ಬಾನೆಟ್ ಕೆಳಗಿನ ಬ್ಯಾಟರಿಯಿಂದ ಕಾರಿನ ಒಳಗೆ ಹೊಸ ವೈರ್ ಎಳೆಯುತ್ತಾರೆ. ಆಗ ಎರಡು ಮಾತು ಕೇಳಿಬರುತ್ತವೆ. ಒಂದು, "12 ವೋಲ್ಟ್ ಅಷ್ಟೇ ಸಾರ್, ಶಾಕೇ ಹೊಡೆಯಲ್ಲ." ಇನ್ನೊಂದು, "ಆಂಪ್ಲಿಫೈಯರ್‌ನಲ್ಲೇ ಫ್ಯೂಸ್ ಇದೆ, ಮತ್ತೊಂದು ಯಾಕೆ?" ಇವೆರಡೂ ಅರ್ಧ ಸತ್ಯ. ಹಾಗಾದರೆ ಪೂರ್ತಿ ಸತ್ಯವೇನು? ನೋಡೋಣ.

ಮಾತು 1: 12 ವೋಲ್ಟ್‌ನಿಂದ ಅಪಾಯವಿಲ್ಲ

ಒಣಗಿದ ಕೈಯಿಂದ ಮುಟ್ಟಿದರೆ 12 ವೋಲ್ಟ್ ಶಾಕ್ ಹೊಡೆಯುವುದಿಲ್ಲ, ಅದು ನಿಜ. ಆದರೆ ವೈರ್ ಬಿಸಿಯಾಗುವುದು ಅದರಲ್ಲಿ ಹರಿಯುವ ಕರೆಂಟ್‌ನಿಂದ, ಅಂದರೆ ಆಂಪ್ ಲೆಕ್ಕದಿಂದ. ಮನೆಯ 2000 ವ್ಯಾಟ್ ಗೀಸರ್ ಎಳೆಯುವುದು ಸುಮಾರು 9 ಆಂಪ್. ಕಾರು ಸ್ಟಾರ್ಟ್ ಮಾಡುವಾಗ ಸ್ಟಾರ್ಟರ್ ಮೋಟಾರು ಕ್ಷಣಮಾತ್ರಕ್ಕೆ ನೂರು ಆಂಪ್‌ಗೂ ಹೆಚ್ಚು ಎಳೆಯುತ್ತದೆ. ಅಷ್ಟನ್ನು ಕೊಡುವ ಬ್ಯಾಟರಿ, ಶಾರ್ಟ್ ಆದ ತೆಳು ವೈರ್‌ಗೂ ನೂರಾರು ಆಂಪ್ ನುಗ್ಗಿಸಬಲ್ಲದು. ಕೆಲವೇ ಸೆಕೆಂಡಿನಲ್ಲಿ ವೈರ್ ಕೆಂಡದಂತಾಗಿ, ಮೇಲಿನ ಪ್ಲಾಸ್ಟಿಕ್ ಕರಗಿ, ಪಕ್ಕದ ಕಾರ್ಪೆಟ್‌ಗೆ ಬೆಂಕಿ ಹತ್ತಬಹುದು.

ಶಾರ್ಟ್ ಆಗಲು ಎರಡನೇ ವೈರ್ ಕೂಡ ಬೇಕಿಲ್ಲ. ಕಾರಿನ ಇಡೀ ಲೋಹದ ಬಾಡಿಯೇ ಬ್ಯಾಟರಿಯ ನೆಗೆಟಿವ್‌ಗೆ ಸೇರಿರುತ್ತದೆ. ಪಾಸಿಟಿವ್ ವೈರ್ ಎಲ್ಲಿ ಬಾಡಿಗೆ ತಗುಲಿದರೂ ಅಲ್ಲೇ ಶಾರ್ಟ್.

ಎಲ್ಲಕ್ಕಿಂತ ಹೆಚ್ಚು ತಗುಲುವ ಜಾಗ

ಎಂಜಿನ್ ಭಾಗಕ್ಕೂ ನಾವು ಕೂರುವ ಭಾಗಕ್ಕೂ ನಡುವೆ ತಗಡಿನ ಒಂದು ಗೋಡೆ ಇದೆ. ಅದನ್ನು ಫೈರ್‌ವಾಲ್ ಎನ್ನುತ್ತಾರೆ. ಹೊಸ ವೈರ್ ಅದನ್ನು ತೂರಿ ಒಳಗೆ ಬರಬೇಕು. ಡ್ರಿಲ್ ಮಾಡಿದ ತೂತಿನ ಅಂಚು ಚಾಕುವಿನಂತಿರುತ್ತದೆ. ಕಾರು ಓಡುವಾಗೆಲ್ಲ ವೈರ್ ಅದುರುತ್ತಾ ಆ ಅಂಚಿಗೆ ಉಜ್ಜುತ್ತದೆ. ತಿಂಗಳುಗಟ್ಟಲೆ ಏನೂ ಆಗದೆ, ಒಂದು ದಿನ ಒಳಗಿನ ತಾಮ್ರ ತಗಡಿಗೆ ತಾಗುತ್ತದೆ.

ಇದನ್ನು ತಪ್ಪಿಸಲು ತೂತಿಗೆ ಗ್ರೋಮೆಟ್ ಎಂಬ ರಬ್ಬರ್ ಬಳೆ ಹಾಕಬೇಕು. ಅದರಿಂದ ಎಂಜಿನ್ ಕಡೆಯ ನೀರು, ಹೊಗೆ ಒಳಗೆ ಬರುವುದೂ ತಪ್ಪುತ್ತದೆ. ಬಹುತೇಕ ಕಾರುಗಳಲ್ಲಿ ಕಂಪನಿಯ ವೈರ್‌ಗಳಿಗಾಗಿ ದೊಡ್ಡ ಗ್ರೋಮೆಟ್ ಇದ್ದೇ ಇರುತ್ತದೆ. ಜಾಗವಿದ್ದರೆ, ಹಳೆಯ ವೈರ್‌ಗಳಿಗೆ ಗಾಯವಾಗದಂತೆ ಹೊಸ ವೈರನ್ನೂ ಅದರಲ್ಲೇ ತೂರಿಸುವುದು ಒಳ್ಳೆಯದು. ಹಿಂದೆ ಏನಿದೆ ಎಂದು ನೋಡದೆ ಡ್ರಿಲ್ ಮಾಡಿದರೆ ಬ್ರೇಕ್ ಪೈಪಿಗೋ ಎಸಿಗೋ ಪೆಟ್ಟು ಬೀಳಬಹುದು.

ಮಾತು 2: ಉಪಕರಣದಲ್ಲೇ ಫ್ಯೂಸ್ ಇದೆ, ಸಾಕು

ಸಾಲದು. ಟೆರೇಸಿನ ಟ್ಯಾಂಕಿನಿಂದ ಅಡುಗೆಮನೆಗೆ ಬರುವ ಪೈಪು ನಡುವೆ ಒಡೆದಿದೆ ಎಂದುಕೊಳ್ಳಿ. ಅಡುಗೆಮನೆಯ ನಲ್ಲಿ ಮುಚ್ಚಿದರೆ ನೀರು ನಿಲ್ಲುವುದೇ? ಇಲ್ಲ, ಟ್ಯಾಂಕಿನ ಬುಡದಲ್ಲಿರುವ ವಾಲ್ವ್ ಮುಚ್ಚಬೇಕು.

ಇಲ್ಲಿಯೂ ಹಾಗೆಯೇ. ಆಂಪ್ಲಿಫೈಯರ್ ಇರುವುದು ಡಿಕ್ಕಿಯಲ್ಲಿ, ವೈರ್ ತಗಡಿಗೆ ತಗುಲಿದ್ದು ಫೈರ್‌ವಾಲ್‌ನಲ್ಲಿ. ಆ ಕರೆಂಟ್ ಬ್ಯಾಟರಿಯಿಂದ ಹೊರಟು ಫೈರ್‌ವಾಲ್‌ನಲ್ಲೇ ಬಾಡಿಗೆ ಇಳಿಯುತ್ತದೆ, ಡಿಕ್ಕಿಯ ಫ್ಯೂಸ್ ತನಕ ಹೋಗುವುದೇ ಇಲ್ಲ. ಹಾಗಾಗಿ ಆ ಫ್ಯೂಸ್ ಹಾರುವುದೂ ಇಲ್ಲ. ಕೀ ತೆಗೆದು ಇಟ್ಟರೂ ಪ್ರಯೋಜನವಿಲ್ಲ, ಏಕೆಂದರೆ ಬ್ಯಾಟರಿಗೆ ನೇರವಾಗಿ ಕಟ್ಟಿದ ವೈರ್‌ನಲ್ಲಿ ಕಾರು ನಿಂತಿದ್ದಾಗಲೂ ಕರೆಂಟ್ ಇರುತ್ತದೆ.

ಬ್ಯಾಟರಿ ಬಳಿ ಹಾಕುವ ಫ್ಯೂಸ್ ಕಾಯುವುದು ಉಪಕರಣವನ್ನಲ್ಲ, ವೈರನ್ನು. ಆದ್ದರಿಂದ ಅದು ಬ್ಯಾಟರಿಯಿಂದ ಒಂದೂವರೆ ಅಡಿಯೊಳಗೆ ಇರಬೇಕು. ಅದರ ಆಂಪ್, ವೈರ್ ತಡೆಯುವ ಆಂಪ್‌ಗಿಂತ ಹೆಚ್ಚಿರಬಾರದು. 15 ಆಂಪ್‌ನ ನೀಲಿ ಫ್ಯೂಸ್ ಪದೇ ಪದೇ ಹಾರುತ್ತಿದೆ ಎಂದು 30 ಆಂಪ್‌ನ ಹಸಿರು ಫ್ಯೂಸ್ ಹಾಕಿದರೆ, ಮುಂದಿನ ಸಲ ಸುಡುವುದು ಫ್ಯೂಸ್ ಅಲ್ಲ, ವೈರ್.

ಮಾತು 3: ಹೆಡ್‌ಲೈಟ್ ಬಲ್ಬ್ ಬದಲಿಸಿದರೆ ಸಾಕು, ವೈರ್ ಅದೇ ಇರಲಿ

60 ವ್ಯಾಟ್‌ನ ಎರಡು ಬಲ್ಬ್‌ಗಳಿಗೆ ಸುಮಾರು 10 ಆಂಪ್ ಸಾಕು. 100 ವ್ಯಾಟ್‌ನ ಎರಡು ಹಾಕಿದರೆ ಸುಮಾರು 17 ಆಂಪ್ ಬೇಕು. ವೈರ್‌ನ ಬಿಸಿ ಕರೆಂಟ್‌ನ ವರ್ಗಕ್ಕೆ ತಕ್ಕಂತೆ ಏರುವುದರಿಂದ, ಅದೇ ಹಳೆಯ ವೈರ್ ಸುಮಾರು ಮೂರು ಪಟ್ಟು ಬಿಸಿಯಾಗುತ್ತದೆ. ಇದಕ್ಕೆ ರಿಲೇ, ದಪ್ಪ ವೈರ್, ಬೇರೆ ಫ್ಯೂಸ್ ಬೇಕು. ರಿಲೇ ಇದ್ದರೆ ದೊಡ್ಡ ಕರೆಂಟ್ ಬಾನೆಟ್ ಕೆಳಗೇ ಉಳಿಯುತ್ತದೆ, ಒಳಗಿನ ಸ್ವಿಚ್‌ಗೆ ಬರುವುದು ಸಣ್ಣ ಕರೆಂಟ್ ಮಾತ್ರ.

ಅಂಗಡಿಯಿಂದ ಕಾರು ತೆಗೆದುಕೊಳ್ಳುವ ಮುನ್ನ ಇಷ್ಟು ನೋಡಿ

- ಬ್ಯಾಟರಿಯ ಪಾಸಿಟಿವ್‌ನಿಂದ ಹೊರಟ ಪ್ರತಿ ಹೊಸ ವೈರ್‌ಗೂ ಹತ್ತಿರದಲ್ಲೇ ಫ್ಯೂಸ್ ಇದೆಯೇ?
- ಫೈರ್‌ವಾಲ್ ತೂರುವಲ್ಲಿ ರಬ್ಬರ್ ಗ್ರೋಮೆಟ್ ಇದೆಯೇ?
- ವೈರ್ ಪ್ಲಾಸ್ಟಿಕ್ ಕೊಳವೆಯೊಳಗೆ ಇದೆಯೇ? ಸೈಲೆನ್ಸರ್ ಕಡೆಯ ಬಿಸಿ ಪೈಪು, ಫ್ಯಾನ್, ಬೆಲ್ಟ್‌ಗಳಿಂದ ದೂರವಿದೆಯೇ?
- ಬ್ರೇಕ್, ಕ್ಲಚ್, ಆಕ್ಸಿಲರೇಟರ್ ಪೆಡಲ್‌ಗಳ ಬಳಿ ನೇತಾಡುತ್ತಿಲ್ಲ ತಾನೇ?
- ಹಳದಿ ಕವಚದ ವೈರ್‌ಗಳನ್ನು ಮುಟ್ಟಿಲ್ಲ ತಾನೇ? ಅವು ಸಾಮಾನ್ಯವಾಗಿ ಏರ್‌ಬ್ಯಾಗ್‌ನವು.
- ವೈರ್ ಪೂರ್ತಿ ತಾಮ್ರದ್ದೇ? ತಾಮ್ರ ಲೇಪಿಸಿದ ಅಲ್ಯೂಮಿನಿಯಂ ಅದೇ ದಪ್ಪದಲ್ಲಿ ಕಡಿಮೆ ಆಂಪ್ ತಡೆಯುತ್ತದೆ.

ಸುಟ್ಟ ಪ್ಲಾಸ್ಟಿಕ್ ವಾಸನೆಯೋ ಹೊಗೆಯೋ ಬಂದರೆ ಕಾರು ನಿಲ್ಲಿಸಿ, ಎಲ್ಲರೂ ಇಳಿದು ದೂರ ಹೋಗಿ, 112ಕ್ಕೆ ಕರೆ ಮಾಡಿ. ಬಾನೆಟ್ ಎತ್ತಬೇಡಿ, ಗಾಳಿ ನುಗ್ಗಿದರೆ ಬೆಂಕಿ ಜೋರಾಗುತ್ತದೆ.

ಕೊನೆಯ ಮಾತು: 12 ವೋಲ್ಟ್ ಶಾಕ್ ಹೊಡೆಯುವುದಿಲ್ಲ ಎಂಬುದು ನಿಜ, ಆದ್ದರಿಂದ ಅಪಾಯವಿಲ್ಲ ಎಂಬುದು ಸುಳ್ಳು. ಹೊರಗೆ ಫಿಟ್ಟಿಂಗ್ ಮಾಡಿಸುವುದು ತಪ್ಪಲ್ಲ. ಆದರೆ ಬ್ಯಾಟರಿ ಬಳಿ ಒಂದು ಫ್ಯೂಸ್, ಫೈರ್‌ವಾಲ್‌ನಲ್ಲಿ ಒಂದು ಗ್ರೋಮೆಟ್ ಇಲ್ಲದೆ ಕಾರನ್ನು ಅಂಗಡಿಯಿಂದ ಹೊರಗೆ ತರಬೇಡಿ.